ಲೆಕ್ಕಕ್ಕೆ ಬಾರದ ಕೂಸುಗಳು

ಕಳೆದ ತಿಂಗಳು ಗೆಳತಿಯ ಮಗಳ ಮದುವೆಗೆ ಉಡೋಣವೆಂದು ಅಮ್ಮನ ಹಳೆಯ ಮೈಸೂರು ರೇಷ್ಮೆ ಸೀರೆಯೊಂದನ್ನು ಎಲ್ ಕಮೀನೋ ರಸ್ತೆಯ ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟಿದ್ದೆ. ಸಾಯಂಕಾಲ ಅದನ್ನು ತಂದು ಕಾರಿನ ಹಿಂದಿನ ಸೀಟಿನಲ್ಲಿ, ಮಗಳ ಪಕ್ಕದಲ್ಲಿ ತೂಗುಹಾಕಿದೆ. ಪ್ಲಾಸ್ಟಿಕ್ ಹೊದಿಕೆಯ ತಳ ತೆರೆದಿತ್ತು. ಚಳಿಯೆಂದು ಕಿಟಕಿಗಳನ್ನೆಲ್ಲ ಏರಿಸಿಕೊಂಡಿದ್ದೆವು. ಫ್ರೀವೇ ಇನ್ನೂ ಹತ್ತಿರಲಿಲ್ಲ, ಅಷ್ಟರಲ್ಲೇ ಆ ವಾಸನೆ ಬಂತು. ಸಿಹಿಯಾಗಿ, ತಣ್ಣಗೆ, ಗಂಟಲಿನ ಹಿಂಬದಿಗೆ ಇಳಿದು ಅಲ್ಲೇ ಕೂರುವ ವಾಸನೆ. ರಸ್ತೆಯ ಅಂಚಿಗೆ ಕಾರು ತಂದು ನಿಲ್ಲಿಸಿ, ಬಾಗಿಲು ತೆರೆದು, ಕಣಗಿಲೆ ಗಿಡಗಳ ಬುಡದಲ್ಲಿ ವಾಂತಿ ಮಾಡಿಕೊಂಡೆ. "ಅಮ್ಮಾ, ಆರ್ ಯೂ ಓಕೆ?" ಎಂದಳು ಮಗಳು. ಮಧ್ಯಾಹ್ನದ ಊಟ ಸರಿಹೋಗಲಿಲ್ಲ ಎಂದೆ. ಅದು ಸುಳ್ಳು. ಅವಳಿಗೆ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ನನ್ನ ಅಪ್ಪನ ವಾಸನೆ. ಎಂಬತ್ತರ ದಶಕದ ಆರಂಭದ ಆ ವರ್ಷಗಳಲ್ಲಿ ಅಪ್ಪ ಕೆಲಸ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ಬೂಟು ಬಿಚ್ಚುವಾಗ ನಾನು ಓಡಿಹೋಗಿ ಅವರ ನೀಲಿ ಶರಟಿನಲ್ಲಿ ಮುಖ ಹುದುಗಿಸುತ್ತಿದ್ದೆ. ಉಸಿರು ಕಟ್ಟುವಷ್ಟು ಎಳೆದುಕೊಳ್ಳುತ್ತಿದ್ದೆ. ಬೇರೆ ಮಕ್ಕಳ ಅಪ್ಪಂದಿರು ಬೆವರಿನ, ಸಿಗರೇಟಿನ, ಬರ್ಗರಿನ ವಾಸನೆ ಹೊಡೆಯುತ್ತಿದ್ದರು. ನನ್ನಪ್ಪ ಮಾತ್ರ ಹೊಸದಾಗಿ ತೆರೆದ ಪೆಟ್ಟಿಗೆಯಂತೆ ಘಮಘಮಿಸುತ್ತಿದ್ದರು. ಅಪ್ಪ ಕೆಲಸ ಮಾಡುತ್ತಿದ್ದುದು ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ. ಆ ಚಿಪ್‌ಗಳನ್ನು ತೊಳೆಯಲು ಬಳಸುವ, ಡ್ರೈಕ್ಲೀನಿಂಗಿನವರದ್ದೇ ವಾಸನೆಯ ದ್ರಾವಣದ ಉಸ್ತುವಾರಿ ಅವರದು. ತೊಳೆದಾದ ಮೇಲೆ ಉಳಿದ ಕೊಳೆದ್ರಾವಣವನ್ನು ಕಾರ್ಖಾನೆಯ ಹಿತ್ತಲಲ್ಲಿ ನೆಲದೊಳಗೆ ಹೂತಿದ್ದ ದೊಡ್ಡ ಟ್ಯಾಂಕಿಗೆ ಬಿಡುತ್ತಿದ್ದರು. ಪ್ರತಿ ಸೋಮವಾರ ಅಪ್ಪ ಆ ಟ್ಯಾಂಕಿನ ಮುಚ್ಚಳ ತೆಗೆದು, ಗೀಟು ಕೊರೆದ ಉದ್ದನೆಯ ಕಡ್ಡಿಯೊಂದನ್ನು ಇಳಿಬಿಟ್ಟು, ಎಷ್ಟು ತುಂಬಿದೆ ಎಂದು ನೋಡಿ ಬರೆದುಕೊಳ್ಳಬೇಕಿತ್ತು. ಊರಿನಲ್ಲಿ ಎಣ್ಣೆ ಡಬ್ಬಕ್ಕೆ ಕಡ್ಡಿ ಇಳಿಸಿ ನೋಡುತ್ತಾರಲ್ಲ, ಹಾಗೆ ಎಂದು ನನಗೆ ಅಭಿನಯಿಸಿ ತೋರಿಸಿದ್ದರು.

ನಮ್ಮ ಮನೆ ಆ ಕಾರ್ಖಾನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಸಾಂಟಾ ಕ್ಲಾರಾದಿಂದ ದಕ್ಷಿಣಕ್ಕೆ, ಹಣ್ಣಿನ ತೋಟಗಳನ್ನು ಕಡಿದು ಎಬ್ಬಿಸಿದ್ದ ಬೀದಿಗಳಲ್ಲೊಂದು. ಒಂದೇ ಅಚ್ಚಿನ ತಗ್ಗು ಮನೆಗಳು, ಮುಂದೆ ಅಂಗೈಯಗಲ ಹುಲ್ಲು, ಹಿಂದೆ ಮರದ ಬೇಲಿ. ಬಾಡಿಗೆಯ ಆ ಮನೆಯನ್ನು ಅಮ್ಮ ಎರಡೇ ವರ್ಷದಲ್ಲಿ ಮದ್ದೂರಿನ ಪಕ್ಕದ ತನ್ನ ಹಳ್ಳಿಯ ಮನೆಯ ಹಾಗೆ ಮಾಡಿಬಿಟ್ಟಿದ್ದಳು. ಸಿಂಕಿನ ಪಕ್ಕದಲ್ಲಿ ಒರಳು ಇರಲಿಲ್ಲ, ಅಷ್ಟೆ. ಒಲೆಯ ಹಿಂದಿನ ಗೋಡೆಗೆ ಒಗ್ಗರಣೆಯ ಕರೆ ಹಿಡಿದಿತ್ತು, ಕಿಟಕಿಯ ಕಟ್ಟೆಯ ಮೇಲೆ ದೊಡ್ಡಪತ್ರೆ ಕುಂಡ, ಗರಾಜಿನಲ್ಲಿ ಒಣಗಿದ ಅವರೆಬೇಳೆಯ ಚೀಲ. ರಾತ್ರಿಯೂಟಕ್ಕೆ ನಾವು ಮೂವರೂ ಅಡುಗೆಮನೆಯ ಲಿನೋಲಿಯಂ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಪಾತ್ರೆಯ ಸುತ್ತ ಕೂರುತ್ತಿದ್ದೆವು. ಅಮ್ಮ ಮುದ್ದೆ ಮುರಿದು ಅಪ್ಪನ ತಟ್ಟೆಗೆ ಹಾಕುತ್ತಿದ್ದಳು, ಅಪ್ಪ ಅದರಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ದಾಟಿಸುತ್ತಿದ್ದರು, ನಾನು ಅಗಿಯುತ್ತಿದ್ದೆ, "ಅಗೀಬ್ಯಾಡ ಕಣೆ, ನುಂಗು" ಎಂದು ಇಬ್ಬರೂ ನಗುತ್ತಿದ್ದರು. ನಲ್ಲಿ ತಿರುಗಿಸಿದರೆ ಹಗಲು ರಾತ್ರಿ ನೀರು ಬರುತ್ತದೆ ಎಂಬುದೇ ಅಮ್ಮನಿಗೆ ಆ ದೇಶದ ದೊಡ್ಡ ಬೆರಗು. ಬಿಂದಿಗೆ ಹೊತ್ತು ಬೆಳೆದವಳು ಅವಳು. ಬಸುರಿಯಾದಾಗ ಡಾಕ್ಟರು ನೀರು ಚೆನ್ನಾಗಿ ಕುಡಿಯಬೇಕು ಎಂದಿದ್ದರಂತೆ. ಸ್ಟೀಲಿನ ದೊಡ್ಡ ಲೋಟ ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ, ಬಾಯಾರದಿದ್ದರೂ ಕುಡಿಯುತ್ತಿದ್ದಳು.

ಎದುರು ಮನೆಯಲ್ಲಿ ಎಡಿತ್ ಅಜ್ಜಿ ಇದ್ದರು. ಎಂಬತ್ತರ ಹತ್ತಿರದ ವಯಸ್ಸು, ಇಂಗ್ಲೆಂಡಿನ ಉತ್ತರದ ಯಾವುದೋ ಹತ್ತಿಗಿರಣಿಯ ಊರಿನಲ್ಲಿ ಹುಟ್ಟಿದವರು. ಹರೆಯದಲ್ಲಿ ಈ ಕಣಿವೆಯ ಹಣ್ಣಿನ ತೋಟದವನೊಬ್ಬನನ್ನು ಮದುವೆಯಾಗಿ ಬಂದರಂತೆ. ಗಂಡ ಸತ್ತು, ತೋಟ ಹೋಗಿ, ಅವರ ಹಿತ್ತಲಲ್ಲಿ ಮೂರು ಏಪ್ರಿಕಾಟ್ ಮರ ಮಾತ್ರ ಉಳಿದಿದ್ದವು. ಮಕ್ಕಳಿರಲಿಲ್ಲ. ಅವರ ಇಂಗ್ಲಿಷು ನಮ್ಮ ಟೀಚರ ಇಂಗ್ಲಿಷಿನಂತಿರಲಿಲ್ಲ. ಮಾತುಗಳನ್ನು ಅರ್ಧ ನುಂಗಿ ಅರ್ಧ ಕೊಡುತ್ತಿದ್ದರು. ಅಮ್ಮನಿಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು. ನಾನು ಶಾಲೆಯಿಂದ ಬರುವುದನ್ನೇ ಇಬ್ಬರೂ ಕಾಯುತ್ತಿದ್ದರು. ಇವರು ಹೇಳಿದ್ದನ್ನು ಅವರಿಗೆ, ಅವರು ಹೇಳಿದ್ದನ್ನು ಇವರಿಗೆ ದಾಟಿಸುತ್ತಾ, ಎಂಟು ವರ್ಷದ ನಾನು ಇಬ್ಬರ ನಡುವೆ ಕುರ್ಚಿಯಲ್ಲಿ ಕಾಲಾಡಿಸುತ್ತಾ ಕೂರುತ್ತಿದ್ದೆ. ಆ ಬೇಸಿಗೆಯಲ್ಲಿ ಹೇಳಬಾರದ ಎಷ್ಟೋ ಮಾತುಗಳು ನನ್ನ ಬಾಯಿಂದಲೇ ಹಾದುಹೋದವು.

ತಮ್ಮ ಹುಟ್ಟಿದ್ದು ಜೂನ್ ತಿಂಗಳಲ್ಲಿ. ಹೆಸರಿಟ್ಟಿರಲಿಲ್ಲ, ಪಾಪು ಎನ್ನುತ್ತಿದ್ದೆವು. ತಲೆತುಂಬ ಕೂದಲು, ತುಟಿಯ ಸುತ್ತ ನೇರಳೆ ಹಣ್ಣು ತಿಂದಂತೆ ಬಣ್ಣ. ಹೃದಯ ಸರಿಯಾಗಿ ಕೂಡಿಕೊಂಡಿಲ್ಲ ಎಂದು ಡಾಕ್ಟರು ಹೇಳಿದರು. ಹನ್ನೊಂದು ದಿನ ಬದುಕಿದ್ದ. ಹನ್ನೊಂದನೆಯ ದಿನ ಮಧ್ಯಾಹ್ನ ಅತ್ತೆ, ಅಂದರೆ ಬಾಣಂತನಕ್ಕೆಂದು ಬಂದಿದ್ದ ಅಪ್ಪನ ಅಕ್ಕ, ನನ್ನನ್ನು ಶಾಲೆಯಿಂದ ಕರೆದುಕೊಂಡು ಬಂದಳು. ಕೂಸುಗಳನ್ನು ಸುಡುವುದಿಲ್ಲ ನಮ್ಮಲ್ಲಿ, ಹೂಳುತ್ತಾರೆ. ಸ್ಮಶಾನದಲ್ಲಿ ಮಕ್ಕಳಿಗೆಂದೇ ಒಂದು ಮೂಲೆ ಇತ್ತು. ಬಿಳಿಯ ಪೆಟ್ಟಿಗೆಯನ್ನು ಅಪ್ಪ ಕಾರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡರು. ಕಾರು ತಿರುಗುವಾಗೆಲ್ಲ ಅದು ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಬಾಣಂತಿ ಸ್ಮಶಾನಕ್ಕೆ ಬರಬಾರದು ಎಂದಳು ಅತ್ತೆ.

ಆಮೇಲೆ ನಮ್ಮವರು ಬಂದರು. ಆಗ ಆ ಕಡೆ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಆದರೂ ಎಲ್ಲೆಲ್ಲಿಂದಲೋ ಕಾರು ಮಾಡಿಕೊಂಡು, ಅನ್ನ ಸಾರಿನ ಡಬ್ಬಿ ಹಿಡಿದು ಬಂದರು. ಅಮ್ಮ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ರವಿಕೆ ನೆನೆದು ಒಣಗಿ ಹುಳಿವಾಸನೆ ಬರುತ್ತಿತ್ತು. ಅವರು ಸುತ್ತ ಕೂತು, ತಲೆಗೊಂದು ಪ್ರಶ್ನೆಯಂತೆ, ತನಿಖೆ ಮಾಡಿದರು. ಮೈಸೂರಿನ ಡಾಕ್ಟರೊಬ್ಬರ ಹೆಂಡತಿ, "ಪರಂಗಿಹಣ್ಣು ಏನಾದ್ರೂ ತಿಂದಿದ್ಯೇನಮ್ಮಾ?" ಎಂದರು. ಗ್ರಹಣದ ದಿನ ಹೊರಗೆ ಬಂದಿದ್ದೆಯಾ ಎಂದರು ಇನ್ನೊಬ್ಬರು. ಅತ್ತೆ, "ಕುಕ್ಕರಿನ ಆವಿಗೆ ಮುಖ ಕೊಡಬ್ಯಾಡ ಅಂತ ಬಡ್ಕೊಂಡೆ, ಕೇಳಿದ್ರೆ ತಾನೆ" ಎಂದಳು. ಎಂದೂ ಬಡಿದುಕೊಂಡಿರಲಿಲ್ಲ. ಅಮ್ಮ ಪ್ರತಿ ಪ್ರಶ್ನೆಗೂ ಯೋಚಿಸಿ, ನೆನಪು ಮಾಡಿಕೊಂಡು, ತಾನು ತಿಂದ ಒಂದೊಂದನ್ನೂ ಒಪ್ಪಿಸುತ್ತಿದ್ದಳು. ಹೌದು, ಅನಾನಸ್ ಡಬ್ಬಿಯದು ಒಂದು ಚೂರು. ಹೌದು, ಮೆಟ್ಟಿಲ ಮೇಲೆ ಕುಳಿತಿದ್ದೆ. ಅವರ ಮುಖಗಳಲ್ಲಿ ಒಂದು ಸಮಾಧಾನ ಮೂಡುತ್ತಿತ್ತು. ತಮ್ಮ ಹೆಣ್ಣುಮಕ್ಕಳಿಗೆ ಹೇಳಲು ಏನೋ ಸಿಕ್ಕಿತೆಂಬ ಸಮಾಧಾನ. ಆಮೇಲೆ ಅದೇ ಕೋಣೆಯಲ್ಲಿ ಕಾಫಿ ಕುಡಿದರು.

ಎಡಿತ್ ಅಜ್ಜಿ ಬಂದದ್ದು ಅವರೆಲ್ಲ ಹೋದ ಮೇಲೆ, ಮೂರನೆಯದೋ ನಾಲ್ಕನೆಯದೋ ದಿನ. ಏನೂ ಕೇಳಲಿಲ್ಲ. ಸಿಂಕಿನಲ್ಲಿದ್ದ ಪಾತ್ರೆಗಳನ್ನು ತೊಳೆದರು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅಮ್ಮನ ಎದೆಯ ಮೇಲೆ ಹಾಕಿದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಾನು ಹೇಳಿದಷ್ಟನ್ನೇ ಹೇಳು, ಸಿಹಿ ಮಾಡಬೇಡ" ಎಂದು ಶುರುಮಾಡಿದರು. ಅವರ ಅಮ್ಮ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವಳು. ಏಳು ಹೆತ್ತು ಮೂರನ್ನು ಉಳಿಸಿಕೊಂಡಳು. ಅವರ ಬೀದಿಯ ಮನೆಗಳ ಹಿಂದೆ ಸಾಲಾಗಿ ಕಕ್ಕಸುಗಳು, ಬೂದಿ ಸುರಿದ ಗುಂಡಿಗಳು, ಅವನ್ನು ಬಳಿಯುವ ಗಾಡಿ ಬರುವುದು ಯಾವಾಗಲೋ ಒಮ್ಮೆ. ಸೆಖೆ ಬಿತ್ತೆಂದರೆ ನೊಣ. ತೊಟ್ಟಿಲ ಮೇಲೆ, ಹಾಲಿನ ಜಗ್ಗಿನ ಮೇಲೆ, ಮಲಗಿದ ಕೂಸಿನ ಕಣ್ಣಿನ ಅಂಚಿನಲ್ಲಿ. ಆಗಸ್ಟ್ ತಿಂಗಳಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಕೂಸುಗಳು ಭೇದಿಯಾಗಿ ಸಾಯುತ್ತಿದ್ದವು. ಊರಿನ ಆರೋಗ್ಯಾಧಿಕಾರಿ ವರ್ಷಕ್ಕೊಂದು ವರದಿ ಅಚ್ಚು ಹಾಕಿಸುತ್ತಿದ್ದನಂತೆ. ದಡಾರಕ್ಕೆ ಇಷ್ಟು, ನಾಯಿಕೆಮ್ಮಿಗೆ ಇಷ್ಟು, ಭೇದಿಗೆ ಇಷ್ಟು, ಸಾವಿರ ಹೆರಿಗೆಗೆ ಒಟ್ಟು ಇಷ್ಟು ಎಂದು ಚೊಕ್ಕವಾದ ಅಂಕಣಗಳು. ಕೊನೆಯಲ್ಲಿ, ಇದಕ್ಕೆಲ್ಲ ಕಾರಣ ತಾಯಂದಿರ ಅಜ್ಞಾನ ಮತ್ತು ಕೊಳಕು, ಹೆತ್ತವಳು ಮನೆಯಲ್ಲಿರದೆ ಗಿರಣಿಗೆ ಹೋಗುವುದು, ಎಂದು ಒಂದು ಪುಟ. ಅವನು ಕಳಿಸಿದ, ಟೋಪಿ ಹಾಕಿದ ಹೆಂಗಸೊಬ್ಬಳು ಮನೆಮನೆಗೆ ಬಂದು ಹಾಲಿನ ಬಾಟಲಿ ಮೂಸಿ ಮೂಗು ಮುರಿದು ಬರೆದುಕೊಂಡು ಹೋಗುತ್ತಿದ್ದಳು. ಹಿತ್ತಲಿನ ಗುಂಡಿಯ ಕಡೆ ಅವಳು ಕಾಲಿಡುತ್ತಿರಲಿಲ್ಲ. ಆ ಮನೆಗಳೆಲ್ಲ ಗಿರಣಿಯ ಯಜಮಾನನವು.

"ಸತ್ತೇ ಹುಟ್ಟಿದ ಕೂಸನ್ನು ಆ ಕಾಲದಲ್ಲಿ ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ," ಎಂದರು ಅಜ್ಜಿ. "ಹುಟ್ಟಿನ ಪುಸ್ತಕದಲ್ಲೂ ಇಲ್ಲ, ಸಾವಿನ ಪುಸ್ತಕದಲ್ಲೂ ಇಲ್ಲ. ನನಗೆ ಆರು ವರ್ಷ. ನನ್ನ ತಂಗಿಯನ್ನು ಬೂಟಿನ ಡಬ್ಬದಲ್ಲಿಟ್ಟು ಅಮ್ಮ ನನ್ನನ್ನೂ ಶವಪೆಟ್ಟಿಗೆ ಮಾಡುವವನ ಹತ್ತಿರ ಕರೆದುಕೊಂಡು ಹೋದಳು. ಅವನು ಒಳ್ಳೆಯವನು. ಅವತ್ತು ಮಣ್ಣಾಗಬೇಕಿದ್ದ ಯಾರೋ ಮುದುಕನ ಪೆಟ್ಟಿಗೆಯಲ್ಲಿ, ಕಾಲ ಬುಡದಲ್ಲಿ ಇಟ್ಟು ಮುಚ್ಚಿದ. ಯಾರ ಜೊತೆ ಹೋದಳೋ ನನಗೆ ಇವತ್ತಿಗೂ ಗೊತ್ತಿಲ್ಲ."

ನಾನು ಸಿಹಿ ಮಾಡದೆ ಹೇಳಿದೆ. ಬೂಟಿನ ಡಬ್ಬ ಎಂಬಲ್ಲಿಗೆ ಬಂದಾಗ ಅಮ್ಮ ಅಳಲು ಶುರುಮಾಡಿದಳು. ಪಾಪು ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು. ಎಡಿತ್ ಅಜ್ಜಿ ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದು, ಆಮೇಲೆ ಕೇಳಿದರು: "ನಿನ್ನದು ಒಂದೇ ಅಲ್ಲ ಈ ಬೀದಿಯಲ್ಲಿ. ನೀನು ನೋಡಿಲ್ಲವೇ?"

ನೋಡಿದ್ದೆವು, ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಪಕ್ಕದ ಮನೆಯ ರೋಸಾಳ ಮಗು ಎಂಟು ತಿಂಗಳದು. ಹೃದಯದಲ್ಲಿ ತೂತು, ಎದೆಯ ಮೇಲೆ ಹೊಲಿಗೆಯ ಗುರುತು, ಹಾಲು ಕುಡಿಯುವಾಗ ಬೆವರುತ್ತಿತ್ತು. ಮೂಲೆಮನೆಯ ಹೆಂಗಸಿಗೆ ಒಂದರ ಹಿಂದೊಂದು ಎರಡು ಬಸುರು ಇಳಿದಿದ್ದವು. ಎಡಿತ್ ಅಜ್ಜಿ ಮಾರನೆಯ ದಿನದಿಂದ ಕೋಲೂರಿಕೊಂಡು ಒಂದೊಂದೇ ಬಾಗಿಲು ತಟ್ಟಿದರು. ಕಾಗದದ ಮೇಲೆ ಮನೆಯ ನಂಬರು, ತಾಯಿಯ ಹೆಸರು, ಏನಾಯಿತು, ಯಾವ ತಿಂಗಳು. ಹೆಂಗಸರು ಮೊದಲು ಹಿಂಜರಿದು ಆಮೇಲೆ ಎಲ್ಲವನ್ನೂ ಹೇಳಿದರಂತೆ. ಪ್ರತಿಯೊಬ್ಬಳೂ ಅದು ತನ್ನೊಬ್ಬಳದೇ ತಪ್ಪು ಎಂದುಕೊಂಡಿದ್ದಳು. ಒಬ್ಬಳು ಕಾಫಿಯಿಂದ ಎಂದಳು, ಇನ್ನೊಬ್ಬಳು ಮಂಚ ಸರಿಸಿದ್ದರಿಂದ ಎಂದಳು.

ಜುಲೈನ ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಬುಟ್ಟಿಯಲ್ಲಿ ಏಪ್ರಿಕಾಟ್ ತುಂಬಿಕೊಂಡು ಬಂದರು. ಅಪ್ಪ ಮನೆಯಲ್ಲಿದ್ದರು. ಅಪ್ಪನಿಗೆ ಇಂಗ್ಲಿಷು ಬರುತ್ತಿದ್ದರಿಂದ ನನ್ನ ಕೆಲಸವಿರಲಿಲ್ಲ. ನೆಲದ ಮೇಲೆ ಕೂತು ಹಣ್ಣಿನ ಬೀಜ ಬಿಡಿಸುತ್ತಿದ್ದೆ. "ಸ್ವಾಮಿ," ಎಂದರು ಅಜ್ಜಿ. ಅಪ್ಪನ ಹೆಸರು ಪುಟ್ಟಸ್ವಾಮಿ, ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. "ನಿಮ್ಮ ಕಾರ್ಖಾನೆಯವರು ನೆಲದೊಳಗೆ ಏನಿಟ್ಟಿದ್ದಾರೆ? ನಮ್ಮ ನಲ್ಲಿಗಳಿಗೆಲ್ಲ ನೀರು ಬರುವ ಬಾವಿ ಆ ಬೇಲಿಗೆ ಹತ್ತಿರದಲ್ಲೇ ಇದೆ." ಏನೂ ಇಲ್ಲ, ನನಗೆ ಗೊತ್ತಿರುವಂತೆ ಏನೂ ಇಲ್ಲ, ಎಂದರು ಅಪ್ಪ. ಅಪ್ಪ ಮರೆತಿರಬೇಕು ಎಂದುಕೊಂಡು ನಾನು ನೆನಪಿಸಿದೆ. "ಟ್ಯಾಂಕ್ ಇದೆಯಲ್ಲಪ್ಪಾ, ಯೂ ಪುಟ್ ದ ಸ್ಟಿಕ್, ಎವೆರಿ ಮಂಡೇ" ಎಂದೆ. ಅಪ್ಪ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ. ಸಿಕ್ಕಿಬಿದ್ದ ಪ್ರಾಣಿಯ ನೋಟ ಅದು. ಎಡಿತ್ ಅಜ್ಜಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದುಹೋದರು.

ಅಮ್ಮನಿಗೆ ಮಾತು ಅರ್ಥವಾಗಿರಲಿಲ್ಲ, ಮುಖಗಳು ಅರ್ಥವಾಗಿದ್ದವು. ಏನು ಕಡ್ಡಿ, ಏನು ಟ್ಯಾಂಕು ಎಂದು ಕೇಳಿದಳು. ಅಪ್ಪ ಹೇಳಿದರು. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಕಡ್ಡಿ ಹಾಕಿ ನೋಡ್ತಿದ್ರಲ್ಲ, ಕಮ್ಮಿ ಆಯ್ತಿತ್ತಾ?"

"ಆಯ್ತಿತ್ತು" ಎಂದರು ಅಪ್ಪ. "ಹಾಕಿದ್ದಕ್ಕಿಂತ ಕಮ್ಮಿ ತೋರಿಸ್ತಿತ್ತು. ಸೂಪರ್‌ವೈಸರ್‌ಗೆ ಹೇಳ್ದೆ. ಆವಿ ಆಗೋಯ್ತದೆ, ನೀನು ನಂಬರ್ ಬರಿ ಸಾಕು ಅಂದ."

"ನೆಲದೊಳಗೆ ಮುಚ್ಚಿರೋದು ಹೆಂಗೆ ಆವಿ ಆಯ್ತದೆ?"

"ಗ್ರೀನ್ ಕಾರ್ಡಿನ ಕಾಗದ ಅವರ ಕೈಲೈತೆ ಭಾಗ್ಯ. ಈಗ ಬಾಯಿ ಬಿಟ್ರೆ ಊರಿಗೆ ಕಳಿಸ್ತಾರೆ."

"ಎಷ್ಟು ದಿನದಿಂದ ಗೊತ್ತು?"

ಅಪ್ಪ ನಾನು ಬಿಡಿಸಿದ್ದ ಬೀಜಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕತೊಡಗಿದರು. ಅಮ್ಮ ಮತ್ತೆ ಕೇಳಲಿಲ್ಲ. ಮಾರನೆಯ ದಿನ ಗ್ರೋಸರಿಯಿಂದ ದೊಡ್ಡ ದೊಡ್ಡ ಪ್ಲಾಸ್ಟಿಕ್ ಜಗ್ಗುಗಳಲ್ಲಿ ನೀರು ಹೊತ್ತು ತಂದಳು. ಅಪ್ಪನ ನೀಲಿ ಶರಟುಗಳನ್ನು ನಮ್ಮ ಬಟ್ಟೆಯ ಜೊತೆ ಒಗೆಯುವುದನ್ನು ಬಿಟ್ಟಳು. ಕಡ್ಡಿಯಲ್ಲಿ ಎತ್ತಿ ಗರಾಜಿನ ಮೂಲೆಯಲ್ಲಿ ಹಾಕುತ್ತಿದ್ದಳು. ನನ್ನನ್ನು ಕರೆದುಕೊಂಡು ಪರಿಚಯದ ನಾಲ್ಕಾರು ಮನೆಗಳಿಗೆ ಹೋಗಿ, ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಿಸಿದಳು. ಯಾಕೆ ಎಂದು ಕೇಳಿದರೆ ನಾನು ಅಮ್ಮನ ಮುಖ ನೋಡುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಗಂಡನ ಹೆಸರು ಅವಳೂ ಹೇಳಲಿಲ್ಲ. ರೋಸಾ ನಂಬಿದಳು, ಉಳಿದವರು ನಕ್ಕು ಕಳಿಸಿದರು. ನಾನು ಅಪ್ಪ ಬಂದಾಗ ಓಡಿಹೋಗುವುದನ್ನು ಬಿಟ್ಟೆ. ಅವರು ಬೂಟು ಬಿಚ್ಚಿ ಒಂದು ಕ್ಷಣ ಬಾಗಿಲಲ್ಲೇ ನಿಲ್ಲುತ್ತಿದ್ದರು. ನಾನು ಕೋಣೆಯೊಳಗೆ ಮೂಗು ಹಿಡಿದುಕೊಂಡು ಕೂತಿರುತ್ತಿದ್ದೆ. ಆ ವಾಸನೆಯನ್ನು ಅಷ್ಟು ಪ್ರೀತಿಯಿಂದ ಒಳಗೆಳೆದುಕೊಂಡಿದ್ದ ನನ್ನ ಮೂಗಿನ ಮೇಲೂ ನನಗೆ ಹೇಸಿಗೆ ಹುಟ್ಟಿತ್ತು.

ಎಡಿತ್ ಅಜ್ಜಿ ಬರೆದ ಪತ್ರಗಳಿಂದಾಗಿ ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ ಊಟದ ಕೋಣೆಯಲ್ಲಿ ಒಂದು ಸಭೆ ಆಯಿತು. ಆರೋಗ್ಯ ಇಲಾಖೆಯಿಂದ ಅಧಿಕಾರಿಯೊಬ್ಬರು ಬಂದಿದ್ದರು. ತೆಳ್ಳಗಿನ, ಸಭ್ಯ ಮನುಷ್ಯ, ಯಾರಿಗೂ ದನಿ ಏರಿಸುವವರಲ್ಲ. ಮೇಜಿನ ಮೇಲೆ ಡೋನಟ್ ಡಬ್ಬ ಇತ್ತು. ಒಂದನ್ನು ತಿಂದಿದ್ದರು, ಅಂಗಿಯ ಕೈಗೆ ಸಕ್ಕರೆಪುಡಿ ಹತ್ತಿತ್ತು. ಅದೇ ಕೈಯಿಂದ ಪರದೆಯ ಮೇಲಿನ ಅಂಕಿಗಳನ್ನು ತೋರಿಸುತ್ತಾ ಹೋದರು. ಈ ಪ್ರದೇಶದಲ್ಲಿ ಶಿಶುಮರಣದ ದರ ನಿರೀಕ್ಷಿತ ಮಟ್ಟದಲ್ಲೇ ಇದೆ. ಸಣ್ಣ ಸಂಖ್ಯೆಗಳಲ್ಲಿ ಹೀಗೆ ಗುಂಪು ಕಾಣುವುದು ಸಹಜ. ತಾಯಂದಿರ ವಯಸ್ಸು, ಆಹಾರ, ಅಭ್ಯಾಸಗಳು. ಕೆಲವು ಸಮುದಾಯಗಳಲ್ಲಿ ರಕ್ತಸಂಬಂಧದೊಳಗೆ ಮದುವೆಯಾಗುವ ಪದ್ಧತಿಯೂ ಇದೆ. ಹಾಗೆನ್ನುವಾಗ ನಮ್ಮ ಕಡೆ ನೋಡದಿರಲು ಅವರು ಪಟ್ಟ ಪ್ರಯತ್ನ ಎಲ್ಲರಿಗೂ ಕಾಣುತ್ತಿತ್ತು. ನಾನು ಅದನ್ನು ಅಮ್ಮನ ಕಿವಿಯಲ್ಲಿ ಹೇಳಿದೆ. ಅಪ್ಪ ಅಮ್ಮ ಒಬ್ಬರಿಗೊಬ್ಬರು ಏನೂ ಆಗಬೇಕಾದವರಲ್ಲ.

ಅಮ್ಮ ಎದ್ದು ನಿಂತಳು. ಸೀರೆಯ ಮೇಲೆ ಅಪ್ಪನ ಹಳೆಯ ಸ್ವೆಟರು ಹಾಕಿಕೊಂಡಿದ್ದಳು. ನನ್ನ ಹೆಗಲ ಮೇಲೆ ಕೈಯಿಟ್ಟು, "ಕೇಳವ್ವ ಅವರನ್ನ. ದರ ಅಂದ್ರಲ್ಲ, ಅದರೊಳಗೆ ಯಾರ್ಯಾರ ಮಕ್ಕಳು ಅವೆ?" ಎಂದಳು.

ನಾನು ಕೇಳಿದೆ. ಅಧಿಕಾರಿ ಕಾಗದ ತಿರುವಿ ವಿವರಿಸಿದರು. ಹುಟ್ಟಿ ಒಂದು ವರ್ಷದೊಳಗೆ ತೀರಿಕೊಂಡ ಮಕ್ಕಳು ಮಾತ್ರ ಅದರೊಳಗೆ ಬರುತ್ತವೆ. ರೋಸಾಳ ಮಗು ಬದುಕಿದೆ, ಆದ್ದರಿಂದ ಇಲ್ಲ. ಇಳಿದುಹೋದ ಬಸುರುಗಳು ಹುಟ್ಟಲೇ ಇಲ್ಲ, ಆದ್ದರಿಂದ ಇಲ್ಲ. ಬೀದಿಯಲ್ಲಿ ದಾಖಲಾದ ಸಾವು ಒಂದೇ. ಅದು ನಮ್ಮದು. ಒಂದರಿಂದ ಯಾವ ದರವನ್ನೂ ಹೇಳಲಾಗದು ಎಂದು ಕನಿಕರದಿಂದ ಅಂದರು.

ಹಿಂದಿನ ಸಾಲಿನಿಂದ ಎಡಿತ್ ಅಜ್ಜಿ ಕೋಲೂರಿ ಎದ್ದರು. "ನನ್ನ ಊರಿನಲ್ಲೂ ಹೀಗೆಯೇ ಬರೆಯುತ್ತಿದ್ದರು," ಎಂದರು. "ನಿಮಗಿಂತ ಅವರ ಅಕ್ಷರ ಚೆನ್ನಾಗಿತ್ತು." ಯಾರೋ ನಕ್ಕರು. ಅಧಿಕಾರಿಯೂ ಮುಗುಳ್ನಕ್ಕರು. ಕಾರ್ಖಾನೆಯಿಂದ ಬಂದಿದ್ದ, ಟೈ ಕಟ್ಟಿದ ವ್ಯಕ್ತಿ ಎದ್ದು, ತಮ್ಮ ಆವರಣದಲ್ಲಿ ಯಾವ ಸೋರಿಕೆಯೂ ಇಲ್ಲ, ಪ್ರತಿ ವಾರ ಪರೀಕ್ಷಿಸುತ್ತೇವೆ ಎಂದರು. ಪ್ರತಿ ವಾರ ಪರೀಕ್ಷಿಸುತ್ತಿದ್ದ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದರು. ಅಮ್ಮ ಅವರ ಕಡೆ ತಿರುಗಿ ನೋಡಿದಳು, ಎಡಿತ್ ಅಜ್ಜಿ ನೋಡಿದರು, ನಾನು ನೋಡಿದೆ. ಅಪ್ಪ ತಮ್ಮ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಸಭೆ ಮುಗಿದ ಮೇಲೆ ಮಿಕ್ಕ ಡೋನಟ್ಟುಗಳನ್ನು ಮಕ್ಕಳಿಗೆ ಹಂಚಿದರು. ನನಗೂ ಒಂದು ಕೊಟ್ಟರು. ತಿಂದೆ. ಅದನ್ನೂ ನಾನು ಮರೆತಿಲ್ಲ.

ಅಕ್ಟೋಬರಿನಲ್ಲಿ ಹಿಂದಿನ ಬೀದಿಯ ಮೈ ಎಂಬ ವಿಯೆಟ್ನಾಮಿನ ಹುಡುಗಿಗೆ ಎಂಟು ತಿಂಗಳು ತುಂಬಿದ ಮೇಲೆ ಕೂಸು ಸತ್ತು ಹುಟ್ಟಿತು. ಅವಳ ಮನೆ ನಮಗೆ ಪರಿಚಯವಿರಲಿಲ್ಲ. ನಾನೂ ಅಮ್ಮನೂ ತಟ್ಟಿದ ಬಾಗಿಲುಗಳಲ್ಲಿ ಅವಳದು ಇರಲಿಲ್ಲ. ವಿಷಯ ತಿಳಿಸಿದವರು ಎಡಿತ್ ಅಜ್ಜಿ, ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ. ಅಪ್ಪ ಆಗ ತಾನೇ ಬಂದಿದ್ದರು. ಅಜ್ಜಿ ಅಪ್ಪನ ಕಡೆ ತಿರುಗಲೂ ಇಲ್ಲ. ಇದು ಸಾವಿನ ದರದೊಳಕ್ಕೆ ಬರುವುದಿಲ್ಲ ಎಂದು ನನಗೆ ಹೇಳಿ, ಅಮ್ಮನಿಗೆ ಹೇಳು ಎಂದರು. ಹೇಳಿದೆ.

ಮಾರನೆಯ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಸ್ನಾನ ಮಾಡಿ, ಊರಿಗೆ ಹೋಗುವಾಗ ಹಾಕುವ ಬಿಳಿ ಶರಟು ಹಾಕಿಕೊಂಡು ರಸ್ತೆ ದಾಟಿದರು. ಕಿಟಕಿಯಿಂದ ನಾನೂ ಅಮ್ಮನೂ ನೋಡುತ್ತಿದ್ದೆವು. ಎಡಿತ್ ಅಜ್ಜಿ ಬಾಗಿಲು ತೆರೆದು ಬಹಳ ಹೊತ್ತು ಅವರನ್ನು ಹೊರಗೇ ನಿಲ್ಲಿಸಿಕೊಂಡಿದ್ದರು. ಆಮೇಲೆ ಒಳಗೆ ಬಿಟ್ಟರು. ಯಾವ ವಾರ ಎಷ್ಟು ಇಳಿದಿತ್ತು, ಯಾರಿಗೆ ಹೇಳಿದ್ದೆ, ಅವರು ಏನೆಂದರು, ಎಲ್ಲವನ್ನೂ ಅಪ್ಪ ಹೇಳಿದರು. ಅಜ್ಜಿ ಬರೆದುಕೊಂಡು ಕೆಳಗೆ ಸಹಿ ಹಾಕಿಸಿದರು. ಆ ಕಾಗದ ಇಲಾಖೆಗೆ ಹೋದ ಮೇಲೆ ಕೆಲಸ ಬೇಗ ಬೇಗ ನಡೆಯಿತು. ನೀರಿನ ಬಾವಿ ಮುಚ್ಚಿದರು. ಕಾರ್ಖಾನೆಯ ಹಿತ್ತಲನ್ನು ಅಗೆದು ಟ್ಯಾಂಕನ್ನು ಎತ್ತಿದರು. ಶಾಲೆಯ ಬೇಲಿಯಿಂದ ನಾವು ಮಕ್ಕಳೆಲ್ಲ ನೋಡಿದೆವು. ಕ್ರೇನಿನ ಕೊಂಡಿಯಲ್ಲಿ ತೂಗಾಡುತ್ತಿದ್ದ ಅದರ ಹೊಟ್ಟೆ ತುಕ್ಕು ಹಿಡಿದು, ಹುಳು ತಿಂದ ಬದನೆಕಾಯಿಯ ಹಾಗಿತ್ತು. ಕೆಳಗಿನ ಮಣ್ಣು ಕಪ್ಪಗೆ ಜಿಡ್ಡಾಗಿ ಹೊಳೆಯುತ್ತಿತ್ತು. ಅಪ್ಪನನ್ನು ಕೆಲಸದಿಂದ ತೆಗೆದರು, ಊರಿಗೆ ಕಳಿಸಲಿಲ್ಲ. ಎಡಿತ್ ಅಜ್ಜಿ ಹುಡುಕಿಕೊಟ್ಟ ವಕೀಲರೊಬ್ಬರು ಕಾಗದಪತ್ರ ಸರಿಮಾಡಿಕೊಟ್ಟರು. ಹೆದರಿದ್ದು ಆಗಲೇ ಇಲ್ಲ.

ಮುಂದಿನ ವರ್ಷ ಲಿವರ್‌ಮೋರ್ ಕಡೆ ದ್ರಾಕ್ಷಿತೋಟವೊಂದರ ಯಂತ್ರಗಳ ಕೆಲಸ ಸಿಕ್ಕಿ ಅಲ್ಲಿಗೆ ಹೋದೆವು. ಎಡಿತ್ ಅಜ್ಜಿ ನಾವು ಹೋದ ಎರಡನೆಯ ಚಳಿಗಾಲದಲ್ಲಿ ತೀರಿಕೊಂಡರು. ರೋಸಾ ಫೋನು ಮಾಡಿದ್ದಳು. ಮಣ್ಣು ಮಾಡುವಾಗ ಕುಟುಂಬದವರು ಯಾರು ಎಂದು ಕೇಳಿದ್ದಕ್ಕೆ ಅಮ್ಮ ಕೈಯೆತ್ತಿದಳು. ಹೊಸಮನೆಯಲ್ಲಿ ಊಟದ ಮೇಜು ಬಂತು. ಅಮ್ಮ ಅಡುಗೆ ಮಾಡಿ ಮೇಜಿನ ಮೇಲಿಟ್ಟು ತಾನು ಒಳಗೆ ಹೋಗುತ್ತಿದ್ದಳು. ಅಪ್ಪ ತಾವೇ ಬಡಿಸಿಕೊಂಡು ತಿನ್ನುತ್ತಿದ್ದರು. ಮೂವತ್ತು ವರ್ಷಕ್ಕೂ ಮೀರಿ ಅವರು ಒಂದೇ ಸೂರಿನಡಿ ಇದ್ದರು. ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅಮ್ಮ ತನ್ನ ಕೈಯಿಂದ ಅಪ್ಪನ ತಟ್ಟೆಗೆ ಒಂದು ತುತ್ತು ಹಾಕಿದ್ದನ್ನೂ ಕಂಡಿಲ್ಲ. ಬೇರೆ ಮಕ್ಕಳಾಗಲಿಲ್ಲ.

ಅಪ್ಪ ಕೆಲವು ವರ್ಷಗಳ ಹಿಂದೆ ಮೂತ್ರಪಿಂಡದ ಕಾಯಿಲೆಯಿಂದ ಹೋದರು. ಹನ್ನೆರಡನೆಯ ದಿನ ಜನ ಬಂದಿದ್ದರು. ಈಗ ನಮ್ಮವರು ಬೆರಳೆಣಿಕೆಯಲ್ಲಿಲ್ಲ, ಮನೆ ತುಂಬಿ ಅಂಗಳದಲ್ಲೂ ಕುರ್ಚಿ ಹಾಕಿದ್ದೆವು. ಹಳಬರೊಬ್ಬರು ಎದ್ದು, ಎಂಬತ್ತರ ದಶಕದಲ್ಲೇ ದೊಡ್ಡ ಕಂಪೆನಿಯ ಎದುರು ನಿಂತ ಕನ್ನಡಿಗ ಎಂದು ಅಪ್ಪನನ್ನು ಹೊಗಳಿದರು. ಇಂಥ ಧೈರ್ಯ ಯಾರಿಗಿರುತ್ತದೆ ಎಂದರು. ಸುತ್ತ ಕೂತವರು ತಲೆದೂಗಿದರು. ಅವರಲ್ಲಿ ಪರಂಗಿಹಣ್ಣಿನ ಪ್ರಶ್ನೆ ಕೇಳಿದವರೂ ಇದ್ದರು, ಮುದುಕಿಯಾಗಿ, ಗಾಲಿಕುರ್ಚಿಯಲ್ಲಿ, ಹೋಳಿಗೆ ಮೆಲ್ಲುತ್ತಾ. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. "ಆಂಟಿ, ನೀವೂ ಅಂಕಲ್ ಬಗ್ಗೆ ಎರಡು ಮಾತು ಹೇಳಿ" ಎಂದು ಯಾರೋ ಹುಡುಗ ಅಮ್ಮನ ಕೈಗೆ ಮೈಕು ಕೊಟ್ಟ.

ಅಮ್ಮ ಮೈಕನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಹೇಳಿದ್ರು, ನಿಜ," ಎಂದಳು. "ಮೂರು ತಿಂಗಳು ತಡ ಮಾಡಿ ಹೇಳಿದ್ರು. ಅಷ್ಟರಲ್ಲಿ ಆ ಹುಡುಗೀದು ಕೂಸು ಹೋಯ್ತು. ನಾನೂ ಬಾಯಿ ಬಿಡಲಿಲ್ಲ." ಯಾರಿಗೂ ಏನೂ ಅರ್ಥವಾಗಲಿಲ್ಲ. ಅವಳು ನನ್ನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ, "ನಿನಗೆ ಗೊತ್ತಿಲ್ಲ, ನೀನು ಸಣ್ಣವಳು. ಆ ಮೂರು ತಿಂಗಳೂ ನಾನು ತಂದ ನೀರನ್ನ ಅವರು ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ನಲ್ಲಿ ತಿರುಗಿಸ್ಕಂಡು, ನಿಂತ್ಕಂಡು, ತಂಬಿಗೆ ತುಂಬ ಕುಡಿಯೋರು. ನಾನು ನೋಡಿ ಸುಮ್ಮನಿರುತಿದ್ದೆ. ಕುಡೀಬ್ಯಾಡಿ ಅಂತ ಒಂದು ದಿವಸಾನೂ ಅನ್ನಲಿಲ್ಲ" ಎಂದಳು.

ಜನ ಎಲೆ ಎತ್ತಿ ಎದ್ದರು. ಹುಡುಗ ಬಂದು ಮೈಕು ತೆಗೆದುಕೊಂಡು ಹೋದ. ಅಮ್ಮ ಅಪ್ಪನ ಫೋಟೋದ ಮುಂದೆ ಇಟ್ಟಿದ್ದ ಎಡೆಯ ಕಡೆ ನೋಡಿದಳು. ಅದನ್ನು ಬಡಿಸಿದ್ದವಳು ನಾನು. ಅನ್ನದ ಮೇಲೆ ಸಾರು ಬಿಡಲು ಮರೆತಿದ್ದೆ. ಅವಳು ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದು, ಅಡುಗೆಮನೆಯಿಂದ ಸೌಟಿನಲ್ಲಿ ಸಾರು ತಂದು, ಚೆಲ್ಲದಂತೆ ಅನ್ನದ ನಡುವೆ ಬಿಟ್ಟಳು. ಆಮೇಲೆ ಅದರ ಎದುರು ನೆಲದ ಮೇಲೆ ಕೂತುಕೊಂಡಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅಂಗಳದಲ್ಲಿ ಯಾರೋ ಕುರ್ಚಿಗಳನ್ನು ಮಡಿಸಿ ಒಂದರ ಮೇಲೊಂದು ಪೇರಿಸುತ್ತಿದ್ದರು.